ವೇಲ್ಸ್‌ನ ಹಳ್ಳಿ ಚರ್ಚುಗಳ ಅಂಗಳದಲ್ಲಿ ಕಲ್ಲಿನ ಪೆಟ್ಟಿಗೆಯಂಥ ಹಳೇ ಗೋರಿಗಳಿವೆಯಲ್ಲ, ಶವ ಅದರೊಳಗೇ ಇರುತ್ತದಾ?

ಇಲ್ಲ, ಪೆಟ್ಟಿಗೆ ಟೊಳ್ಳು. ಶವ ಇರುವುದು ಅದರ ಕೆಳಗೆ, ನೆಲದೊಳಗೆ. ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ದಪ್ಪ ಕಲ್ಲು ಮುಚ್ಚಿರುತ್ತಾರೆ, ಅಷ್ಟೇ.

ಹೀಗೆ ಕಟ್ಟಿಸಿದ್ದು 17ರಿಂದ 19ನೇ ಶತಮಾನದಲ್ಲಿ ಜಾಸ್ತಿ. ಅದೂ ಜಮೀನ್ದಾರರು, ಪಾದ್ರಿಗಳು, ಕೈಲಿ ಕಾಸಿದ್ದ ರೈತರು. ಬಡವರಿಗೆಲ್ಲಿ ಕಲ್ಲು? ಮನೆಯಲ್ಲಿ ಮೊದಲು ಸತ್ತವರ ಹೆಸರು ಮೇಲೆ. ಆಮೇಲೆ ಹೆಂಡತಿ, ಮಕ್ಕಳ ಹೆಸರು ಒಂದೊಂದೇ ಕೆಳಗೆ ಸೇರುತ್ತಾ ಹೋಗುತ್ತದೆ. ಕೆಲವು ಕಲ್ಲುಗಳಲ್ಲಿ ಅರ್ಧ ಜಾಗ ಖಾಲಿಯೇ ಉಳಿದಿದೆ. ‘ಎರ್ ಕೋವ್ ಆಮ್’ ಅಂತ ಶುರುವಾದರೆ ಅದು ವೆಲ್ಷ್ ಭಾಷೆ, ‘ಇವರ ನೆನಪಿಗೆ’ ಎಂದರ್ಥ.

ಉತ್ತರ ವೇಲ್ಸ್‌ನಲ್ಲಿ ಸ್ಲೇಟು ಕಲ್ಲು ಧಾರಾಳ. ನಾವು ಬಳಪ ಹಿಡಿದು ತಿದ್ದಿದೆವಲ್ಲ, ಅದೇ ಜಾತಿ. ಅದರ ಮೇಲಿನ ಅಕ್ಷರ 200 ವರ್ಷವಾದರೂ ಚೂಪಾಗಿರುತ್ತದೆ. ಮರಳುಗಲ್ಲಾದರೆ ಪದರ ಪದರವಾಗಿ ಉದುರುತ್ತದೆ.

ಚಪ್ಪಡಿಗಳನ್ನು ಬಿಗಿದ ಕಬ್ಬಿಣದ ಕೊಕ್ಕೆಗಳೇ ದೊಡ್ಡ ಶತ್ರು. ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತವೆ. ಎಷ್ಟೋ ಗೋರಿಗಳು ‘ಕ್ಯಾಡು’ ಎಂಬ ಸರ್ಕಾರಿ ಸಂಸ್ಥೆಯ ಸಂರಕ್ಷಿತ ಪಟ್ಟಿಯಲ್ಲಿವೆ. ವೆಲ್ಷ್‌ನಲ್ಲಿ ಆ ಪದಕ್ಕೆ ‘ಕಾಪಾಡು’ ಅಂತಲೇ ಅರ್ಥ, ಮಜಾ ಅಲ್ವಾ? ಹೋದರೆ ಸುಮ್ನೆ ನೋಡಿ, ಮೇಲೆ ಕೂರಬೇಡಿ.