ಬೇಸ್‌ಮೆಂಟಿಗೆ ನೀರು: ಕೆಮಿಕಲ್ ಕೇಳುವ ಮೊದಲು ಅದು ಯಾವ ನೀರು ನೋಡಿ

ಏಪ್ರಿಲ್‌ನಲ್ಲಿ ಸೆಕೆ, ಮೇನಲ್ಲಿ ಭರಣಿ ಮಳೆ, ಆಮೇಲೆ ಬೇಸ್‌ಮೆಂಟು. ಪ್ರತಿ ವರ್ಷ ಈ ಅಂಕಣಕ್ಕೆ ಓದುಗರ ಪತ್ರಗಳು ಬರುವುದು ಇದೇ ಕ್ರಮದಲ್ಲಿ. ಬೇಸ್‌ಮೆಂಟಿನ ಪತ್ರಗಳೆಲ್ಲ ಮುಗಿಯುವುದೂ ಒಂದೇ ಸಾಲಿನಲ್ಲಿ: 'ಯಾವ ಕೆಮಿಕಲ್ ಹಾಕಿಸಲಿ?' ನೀರು ಎಲ್ಲಿಂದ ಬಂತು, ಮಳೆ ಶುರುವಾಗಿ ಎಷ್ಟು ಹೊತ್ತಿಗೆ ಬಂತು ಎಂದು ಬರೆದವರು ಅಪರೂಪ. ಹಾಗಾಗಿ ಈ ಸಲ ಜಾಗವೆಲ್ಲ ಆ ಪ್ರಶ್ನೆಗೇ. ಉಳಿದವರಿಗೆ ಚುಟುಕು ಉತ್ತರ ಮಾತ್ರ.

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನ ಮನೆ. ರಸ್ತೆಗಿಂತ ಎಂಟು ಅಡಿ ಕೆಳಗೆ ಬೇಸ್‌ಮೆಂಟ್ ಇದೆ; ಕಾರು, ಸ್ಕೂಟರ್, ಒಂದು ಸ್ಟೋರ್ ರೂಮ್. ಜೋರು ಮಳೆಗೆ ನೀರು ನಿಲ್ಲುತ್ತದೆ. ಒಳಗೋಡೆಗೆ ಎರಡು ಸಲ ವಾಟರ್‌ಪ್ರೂಫ್ ಕೋಟಿಂಗ್ ಮಾಡಿಸಿದೆವು, ವರ್ಷದೊಳಗೆ ಗುಳ್ಳೆ ಎದ್ದು ಉದುರಿತು. ಈಗ ಇನ್ನೊಬ್ಬರು ಹತ್ತು ವರ್ಷ ಗ್ಯಾರಂಟಿ ಎನ್ನುತ್ತಿದ್ದಾರೆ. ಮಾಡಿಸಬಹುದೇ? ಎಷ್ಟು ಎಚ್‌ಪಿ ಪಂಪ್ ಇಡಬೇಕು?

ಮಾಡಿಸಬೇಡಿ. ಎರಡು ಸಲ ಉದುರಿದ್ದು ಮೂರನೇ ಸಲವೂ ಉದುರುತ್ತದೆ, ಡಬ್ಬದ ಮೇಲೆ ಯಾವ ಹೆಸರಿದ್ದರೂ. ಎಂಟು ಅಡಿ ಆಳದ ಗೋಡೆಯ ಆಚೆ ಮಣ್ಣು ಪೂರ್ತಿ ನೆನೆದಿದ್ದರೆ ಗೋಡೆಯ ಬುಡದಲ್ಲಿ ನೀರಿನ ಒತ್ತಡ ಚದರ ಮೀಟರಿಗೆ ಎರಡೂವರೆ ಟನ್ ಹತ್ತಿರ ಇರುತ್ತದೆ. ನೀವು ಬಳಿಸಿದ್ದು ಈಚೆ ಕಡೆಗೆ. ನೀರು ಅದನ್ನು ಹಿಂದಿನಿಂದ ತಳ್ಳುತ್ತದೆ, ಪೇಂಟಿನ ಪದರ ಗೋಡೆ ಬಿಟ್ಟು ಏಳುತ್ತದೆ. ಆ ಗುಳ್ಳೆಯೊಂದನ್ನು ಉಗುರಿನಿಂದ ಒಡೆದು ನೋಡಿ: ಒಳಗೆ ನೀರು, ಇಲ್ಲವೇ ಬಿಳಿ ಉಪ್ಪಿನ ಪುಡಿ ಇರುತ್ತದೆ. ಬಣ್ಣ ಕೆಟ್ಟದ್ದಾಗಿರಲಿಲ್ಲ, ಬಳಿದ ಕಡೆ ತಪ್ಪಾಗಿತ್ತು. ಗ್ಯಾರಂಟಿ ಕಾರ್ಡಿನ ಹಿಂಬದಿ ಓದಿ. 'ನೆಲದೊಳಗಿನ ನೀರಿನ ಒತ್ತಡಕ್ಕೆ ಅನ್ವಯಿಸುವುದಿಲ್ಲ' ಎಂಬರ್ಥದ ಸಾಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಮೊದಲು ಅದು ಯಾವ ನೀರೆಂದು ಹಿಡಿಯಿರಿ. ಮಳೆ ಬಿದ್ದ ಹತ್ತು ನಿಮಿಷಕ್ಕೇ ಬಂದರೆ ರ‍್ಯಾಂಪಿನಿಂದ ಇಳಿದ ರಸ್ತೆ ನೀರು. ಮಳೆ ನಿಂತ ಮೇಲೆ, ಕೆಲವು ಗಂಟೆಯಿಂದ ಎರಡು ದಿನದೊಳಗೆ, ಗೋಡೆ ಮತ್ತು ನೆಲ ಕೂಡುವ ಗೆರೆಯಲ್ಲಿ ಒಸರತೊಡಗಿದರೆ ಮಣ್ಣಿನೊಳಗಿನ ನೀರು. ಮಳೆಯಿಲ್ಲದ ಮಾರ್ಚ್‌ನಲ್ಲೂ ಒದ್ದೆಯಿದ್ದರೆ ನಿಮ್ಮ ಸಂಪು, ಕಾವೇರಿ ಲೈನು ಅಥವಾ ಯುಜಿಡಿ (ನೆಲದಡಿಯ ಒಳಚರಂಡಿ), ಈ ಮೂರರಲ್ಲಿ ಒಂದು. ನೆಲದ ಜಾಲರಿಯಿಂದಲೋ ಕಮೋಡಿನಿಂದಲೋ ಉಕ್ಕಿದರೆ ಬೀದಿಯ ಒಳಚರಂಡಿ ತುಂಬಿ ನಿಮ್ಮ ಮನೆ ಕಡೆ ತಿರುಗಿದೆ.

ಅನುಮಾನವಿದ್ದರೆ ಪರೀಕ್ಷೆ ಮಾಡಿ, ಖರ್ಚು ಕಡಿಮೆ. ರಾತ್ರಿ ಸಂಪು ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಆಫ್ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಎರಡು ಮೀಟರ್‌ಗೆ ಎರಡೂವರೆ ಮೀಟರ್ ಅಳತೆಯ ಸಂಪಿನಲ್ಲಿ ಬೆಳಗಾಗುವಷ್ಟರಲ್ಲಿ ಒಂದೇ ಸೆಂ.ಮೀ. ಇಳಿದಿದ್ದರೂ 50 ಲೀಟರ್ ಎಲ್ಲೋ ಹೋಗಿದೆ. ಒಸರಿದ ನೀರನ್ನು ಲೋಟದಲ್ಲಿ ಹಿಡಿದು, ಕುಡಿಯುವ ನೀರಿಗೆ ಬಳಸುವ ಕ್ಲೋರಿನ್ ಕಿಟ್‌ನ ಹನಿ ಹಾಕಿ. ಹಳದಿಗೆ ತಿರುಗಿದರೆ ಅದು ನಲ್ಲಿ ನೀರು. ತಿರುಗದಿದ್ದರೆ ನಲ್ಲಿ ನೀರಲ್ಲವೆಂದು ತೀರ್ಮಾನಿಸಬೇಡಿ, ಮಣ್ಣಿನಲ್ಲಿ ಹರಿಯುವಾಗ ಕ್ಲೋರಿನ್ ಕಳೆದುಹೋಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಇದ್ದರೆ ನಲ್ಲಿಯದು, ಬೋರಿನದು, ಗೋಡೆಯದು ಮೂರನ್ನೂ ಅಳೆದು ಹೋಲಿಸಿ. ಗೋಡೆ ಬರೀ ತೇವವಾಗಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ 48 ಗಂಟೆ ಬಿಡಿ. ಗೋಡೆ ಕಡೆ ಹನಿ ಕಟ್ಟಿದರೆ ಸೋರಿಕೆ. ಕೋಣೆ ಕಡೆ ಕಟ್ಟಿದರೆ ಗಾಳಿಯ ತೇವ, ಅದಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಸಾಕು.

ಈಗ ಪಂಪಿನ ವಿಷಯ. ನಿಮ್ಮ ರ‍್ಯಾಂಪ್ ಮೇಲೆಯೇ ಬೀಳುವ ಮಳೆ ಲೆಕ್ಕಕ್ಕಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಹತ್ತಡಿಗೆ ಇಪ್ಪತ್ತಡಿ ರ‍್ಯಾಂಪಿಗೆ ಗಂಟೆಗೆ 50 ಮಿ.ಮೀ. ಸುರಿದರೂ 930 ಲೀಟರ್, ಅರ್ಧ ಎಚ್‌ಪಿ ಪಂಪ್ ಎತ್ತಿ ಹಾಕುತ್ತದೆ. ಅದೇ ರಸ್ತೆಯ ನೀರು ಹತ್ತಡಿ ಗೇಟಿನಗಲಕ್ಕೆ ಎರಡು ಇಂಚು ಎತ್ತರದಲ್ಲಿ ನುಗ್ಗಿದರೆ ಸೆಕೆಂಡಿಗೆ 50 ಲೀಟರ್ ಹತ್ತಿರ. 900 ಚದರಡಿ ಬೇಸ್‌ಮೆಂಟಿನಲ್ಲಿ ಹತ್ತು ನಿಮಿಷದೊಳಗೆ ಒಂದಡಿ ನೀರು. ಒಂದು ಎಚ್‌ಪಿಯ ಕೊಳಚೆ ನೀರಿನ ಸಬ್‌ಮರ್ಸಿಬಲ್ ಎಷ್ಟು ಚೆನ್ನಾಗಿ ಓಡಿದರೂ ಸೆಕೆಂಡಿಗೆ ಐದು ಲೀಟರ್ ಮೀರುವುದು ಕಷ್ಟ. ಹತ್ತು ಪಂಪ್ ಇಡುತ್ತೀರಾ? ರಸ್ತೆ ನೀರನ್ನು ಪಂಪಿನಿಂದ ಗೆಲ್ಲಲಾಗದು, ದಿಬ್ಬದಿಂದ ತಡೆಯಬೇಕು.

ದಿಬ್ಬ ಅಂದರೆ ಗೇಟಿನ ಬಳಿ, ರ‍್ಯಾಂಪ್ ಇಳಿಯುವ ಮೊದಲು, ರಸ್ತೆಯ ಅಂಚಿಗಿಂತ 15–20 ಸೆಂ.ಮೀ. ಎತ್ತರದ ಏರು. ಕಾರಿನ ಹೊಟ್ಟೆ ತಾಗದಂತೆ ಎರಡೂ ಕಡೆ ಉದ್ದಕ್ಕೆ ಇಳಿಸಬೇಕು. ಸ್ಪೀಡ್ ಬ್ರೇಕರ್‌ನಂತೆ ಮೊಂಡಾಗಿ ಮಾಡಿದರೆ ಮುಂದಿನ ತಿಂಗಳು ನೀವೇ ಒಡೆಸುತ್ತೀರಿ. ಏರಿನ ಒಳಮಗ್ಗುಲಿಗೆ ಒಂದು, ರ‍್ಯಾಂಪಿನ ಬುಡಕ್ಕೆ ಒಂದು ಅಡ್ಡಚರಂಡಿ, ಒಂದಡಿ ಅಗಲ, ಒಂದಡಿ ಆಳ, ಮೇಲೆ ಕಬ್ಬಿಣದ ಜಾಲರಿ. ಜಾಲರಿ ಎತ್ತಲು ಬರುವಂತಿರಲಿ. ವೆಲ್ಡ್ ಮಾಡಿ ಕೂರಿಸಿದರೆ ಕಸ ತೆಗೆಯುವವರಾರು? ಗೇಟಿನ ಎರಡು ಕಂಬಕ್ಕೆ ಸಿ-ಚಾನಲ್ ಹೊಡೆಸಿ, ರಬ್ಬರ್ ಪಟ್ಟಿ ಅಂಟಿಸಿದ ಎರಡಡಿ ಎತ್ತರದ ಹಲಗೆ ಇಳಿಸುವ ವ್ಯವಸ್ಥೆಯೂ ಇರಲಿ, 18 ಮಿ.ಮೀ. ಮೆರೈನ್ ಪ್ಲೈ ಆಗುತ್ತದೆ. ವರ್ಷಕ್ಕೊಮ್ಮೆ ದಿಬ್ಬದ ಎತ್ತರ ಅಳೆಯಿರಿ. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುವ ಊರಿನಲ್ಲಿ ರಸ್ತೆ ಬೆಳೆಯುತ್ತಲೇ ಇರುತ್ತದೆ, ನಿಮ್ಮ ದಿಬ್ಬ ಬೆಳೆಯುವುದಿಲ್ಲ.

ಜೋರು ಮಳೆಗೆ ನಿಲ್ಲುವ ನೀರು, ನೀವು ಹೇಳಿದ ಗುಳ್ಳೆ ಎರಡನ್ನೂ ನೋಡಿದರೆ ನಿಮ್ಮಲ್ಲಿ ಎರಡೂ ಇದೆ, ರಸ್ತೆ ನೀರೂ ಮಣ್ಣಿನ ನೀರೂ. ಎರಡನೆಯದಕ್ಕೆ ಮೊದಲು ಗೋಡೆ ಯಾವುದರದ್ದೆಂದು ತಿಳಿಯಬೇಕು. ಕಾಂಕ್ರೀಟ್ ಆಗಿದ್ದರೆ ಸೋರುವ ಜಾಗ ಸಾಮಾನ್ಯವಾಗಿ ತಳದ ರಾಫ್ಟ್ (ಅಡಿಪಾಯದ ಕಾಂಕ್ರೀಟ್ ಹಾಸು) ಮತ್ತು ಗೋಡೆ ಸೇರುವ ಕೀಲು. ಕಟ್ಟುವಾಗ ವಾಟರ್ ಸ್ಟಾಪರ್ ಪಟ್ಟಿ ಇಡದೆ ಮರುದಿನ ಕಾಂಕ್ರೀಟ್ ಸುರಿದಿರುತ್ತಾರೆ. ಅಲ್ಲಿಗೆ ಪಿಯು ಇಂಜೆಕ್ಷನ್, ಅಂದರೆ ತೂತು ಕೊರೆದು ಪಾಲಿಯುರೆಥೇನ್ ಒತ್ತಿ ತುಂಬುವುದು. ಕೀಲಿನ ಉದ್ದಕ್ಕೆ 20–25 ಸೆಂ.ಮೀ.ಗೆ ಒಂದರಂತೆ, 45 ಡಿಗ್ರಿ ಓರೆಯಾಗಿ ಕೊರೆದ ತೂತು ಗೋಡೆಯ ದಪ್ಪದ ನಡುವೆ ಬಿರುಕನ್ನು ಸಂಧಿಸಬೇಕು. ನೇರ ಕೊರೆದರೆ ರಾಸಾಯನಿಕ ಬಿರುಕಿಗೆ ಮುಟ್ಟುವುದೇ ಇಲ್ಲ. ನೀರು ಚಿಮ್ಮುವ ಜಾಗ ಹಲವಿದ್ದರೆ ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಹೋಗಬೇಡಿ. ದೊಡ್ಡದಕ್ಕೆ ಒಂದು ತುಂಡು ಪೈಪ್ ಕೂರಿಸಿ ನೀರು ಹೋಗಲು ಬಿಟ್ಟು, ಚಿಕ್ಕವನ್ನು ವಾಟರ್ ಪ್ಲಗ್‌ನಿಂದ (ಬೇಗ ಗಟ್ಟಿಯಾಗುವ ಸಿಮೆಂಟ್ ಪುಡಿ) ಮುಚ್ಚಿ, ಪೈಪನ್ನು ಕೊನೆಗೆ ಮುಚ್ಚುವುದು ಕ್ರಮ. ವಾಟರ್ ಪ್ಲಗ್ ಮೂರರಿಂದ ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಹಿಡಿಯಷ್ಟೇ ಕಲಸಿ. ಪಿಯು ನೊರೆ ನೀರನ್ನು ತಕ್ಷಣ ನಿಲ್ಲಿಸುತ್ತದೆ, ಆದರೆ ಅಷ್ಟಕ್ಕೇ ಬಿಟ್ಟರೆ ಕಾಲಕ್ರಮೇಣ ಮತ್ತೆ ಸೋರಬಹುದು. ನೊರೆಯಾದ ಮೇಲೆ ಪಿಯು ರೆಸಿನ್ ತುಂಬುತ್ತೀರಾ ಎಂದು ಕೆಲಸದವರನ್ನು ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ.

ಗೋಡೆ ಸೈಜುಗಲ್ಲಿನದೋ ಸಾಲಿಡ್ ಬ್ಲಾಕಿನದೋ ಆಗಿದ್ದರೆ ಇಂಜೆಕ್ಷನ್‌ಗೆ ಹಣ ಸುರಿಯಬೇಡಿ, ಒಂದು ಸಂದು ಮುಚ್ಚಿದರೆ ನೀರು ಪಕ್ಕದ ಸಂದು ಹುಡುಕುತ್ತದೆ. ನೀರನ್ನು ಒಪ್ಪಿಕೊಂಡು ದಾರಿ ಮಾಡಿಕೊಡುವುದೇ ಇಲ್ಲಿ ಪರಿಹಾರ. ಗೋಡೆಯ ಬುಡಕ್ಕೆ ಸುತ್ತಲೂ ಆರು ಇಂಚು ಅಗಲದ ಕಾಲುವೆ, ನೂರಕ್ಕೆ ಒಂದರ ಇಳಿಜಾರು, ಮೂಲೆಯಲ್ಲಿ ಎರಡಡಿಗೆ ಎರಡಡಿ, ಎರಡೂವರೆ ಅಡಿ ಆಳದ ಗುಂಡಿ. ಕಾಲುವೆ ನೆಲದ ಕಾಂಕ್ರೀಟಿನ ದಪ್ಪದೊಳಗೇ ಇರಲಿ, ಅಡಿಪಾಯದ ಕಲ್ಲಿನ ಕೆಳಗೆ ತೋಡಬೇಡಿ. ಗುಂಡಿಯಲ್ಲಿ ಫ್ಲೋಟ್ ಸ್ವಿಚ್ ಇರುವ ಪಂಪ್, ಎರಡಿಂಚಿನ ಡೆಲಿವರಿ ಪೈಪ್, ಅದರಲ್ಲಿ ನೀರು ವಾಪಸ್ ಬರದಂತೆ ತಡೆಯುವ ಒಂದು ನಾನ್-ರಿಟರ್ನ್ ವಾಲ್ವ್. ಪೈಪು ರಸ್ತೆ ಮಟ್ಟಕ್ಕಿಂತ ಒಂದಡಿ ಮೇಲೇರಿ ಬಾಗಿ, ಆಮೇಲೆ ಮಳೆನೀರಿನ ಚರಂಡಿಗೆ ಇಳಿಯಲಿ. ಯುಜಿಡಿ ಚೇಂಬರಿಗೆ ಬಿಡಬೇಡಿ. ಅದು ನಿಯಮಬಾಹಿರ, ಮೇಲಾಗಿ ಅದೇ ನೀರು ಸುತ್ತಿ ನಿಮ್ಮದೋ ಪಕ್ಕದವರದೋ ಬಾತ್‌ರೂಮಿನಲ್ಲಿ ಉಕ್ಕುತ್ತದೆ. ಈ ಒಸರುವ ನೀರಿಗೆ ಅರ್ಧ ಎಚ್‌ಪಿ ಧಾರಾಳ. ಮನೆಯ ಸಾಮಾನ್ಯ ಇನ್ವರ್ಟರ್ ಪಂಪನ್ನು ಎಬ್ಬಿಸುತ್ತದೆಂದು ನಂಬಬೇಡಿ. ಮೋಟಾರ್ ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಮಳೆಗೆ ಕರೆಂಟು ಹೋಗುವುದೂ ಆಗಲೇ.

ಹೊರಗಿನಿಂದ ಅಗೆದು ವಾಟರ್‌ಪ್ರೂಫ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು, ನಿಜ. ಆದರೆ ಮೂರಡಿ ಸೆಟ್‌ಬ್ಯಾಕಿನಲ್ಲಿ (ಮನೆಯ ಸುತ್ತ ಬಿಟ್ಟ ಖಾಲಿ ಜಾಗ) ಎಂಟಡಿ ಅಗೆದರೆ ಪಕ್ಕದ ಮನೆಯ ಪಾಯ ಬಾಯಿ ಬಿಡುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಎದುರಿಗಿಲ್ಲದೆ, ಮಳೆಗಾಲದಲ್ಲಿ, ಉದ್ದಕ್ಕೂ ಒಂದೇ ಸಲ ಅಗೆಯಲು ಬರುವ ಜೆಸಿಬಿಯವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಎಲ್ಲಕ್ಕಿಂತ ಮೊದಲೇ ಹೇಳಬೇಕಿದ್ದ ಮಾತು, ಯಾರೂ ಕೇಳದ್ದು: ನೀರು ನಿಂತ ಬೇಸ್‌ಮೆಂಟಿಗೆ ಕರೆಂಟ್ ಇರುವಾಗ ಇಳಿಯಬೇಡಿ. 2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ನೀರು ಹೊರಹಾಕುವ ಹೊತ್ತಿನಲ್ಲಿ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬ 12 ವರ್ಷದ ಹುಡುಗ. ಎಂಸಿಬಿ ಇದೆಯಲ್ಲ ಅನ್ನಬೇಡಿ. 16 ಆಂಪಿಯರ್ ಎಂಸಿಬಿ ಬೀಳುವುದು ಓವರ್‌ಲೋಡಿಗೆ, ಶಾರ್ಟ್‌ಗೆ. ಮನುಷ್ಯನನ್ನು ಕೊಲ್ಲಲು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು, ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ. ಬೇಕಾದದ್ದು ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಿಸಿ. ಪಂಪಿನ ಕೇಬಲ್ ಮೂರು ಕೋರಿನದು, ಎಲ್ಲೂ ಜಾಯಿಂಟ್ ಇಲ್ಲದೆ ಒಂದೇ ಉದ್ದ. ಕಪ್ಪು ಟೇಪ್ ಸುತ್ತಿದ ಜಾಯಿಂಟ್ ನೀರಿನೊಳಗೆ ಹೋದರೆ ಅದೇ ಯಮ. ಮೇನ್ ಸ್ವಿಚ್ ಬೇಸ್‌ಮೆಂಟಿನಲ್ಲೇ ಇದ್ದು ನೀರು ಅಲ್ಲಿಗೆ ಮುಟ್ಟಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ ಕಂಬದಲ್ಲಿ ತೆಗೆಸಿ. ಪೆಟ್ರೋಲ್ ಪಂಪ್‌ಸೆಟ್ ಬಾಡಿಗೆಗೆ ತಂದರೆ ಅದು ರ‍್ಯಾಂಪಿನ ಮೇಲೆ ಬಯಲಲ್ಲಿರಲಿ, ಪೈಪ್ ಮಾತ್ರ ಕೆಳಗಿಳಿಯಲಿ. ಒಳಗೆ ಓಡಿಸಿದರೆ ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಕೊಲ್ಲುತ್ತದೆ.

ಕಲ್ಲಿನ ಗೋಡೆಯಿದ್ದು ನೀರು ಎದೆಮಟ್ಟ ನಿಂತಿದ್ದರೆ ಒಂದೇ ಉಸಿರಿಗೆ ಖಾಲಿ ಮಾಡಬೇಡಿ. ಹೊರಗಿನ ನೆನೆದ ಮಣ್ಣಿಗೆ ಎದುರಾಗಿ ಒಳಗಿನ ನೀರೇ ಗೋಡೆಯನ್ನು ಆನಿಸಿ ಹಿಡಿದಿರುತ್ತದೆ. ಒಂದಡಿ ಇಳಿಸಿ, ಗುರುತು ಹಾಕಿ, ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಏರಿದ್ದರೆ ಹೊರಗಿನ ನೀರು ಇನ್ನೂ ಇಳಿದಿಲ್ಲ, ಕಾಯಿರಿ.

ಪ್ರಶ್ನೆ: ಬೇಸ್‌ಮೆಂಟ್ ನೆಲದಲ್ಲೇ ಇಂಗುಗುಂಡಿ ತೋಡಿದರೆ ನೀರು ಇಂಗಿಹೋಗುವುದಲ್ಲವೇ?

ಮಳೆಗಾಲದಲ್ಲಿ ಅದೇ ಗುಂಡಿಯಿಂದ ನೀರು ಮೇಲೆ ಬರುತ್ತದೆ. ಮಳೆಕೊಯ್ಲಿನ ಇಂಗುಬಾವಿಯನ್ನು ಬೇಸ್‌ಮೆಂಟ್ ಗೋಡೆಗೆ ಅಂಟಿಸಿ ತೋಡಿದವರಿಗೂ ಇದೇ ಉತ್ತರ: ಕನಿಷ್ಠ ಹದಿನೈದು ಅಡಿ ದೂರ. ಅಷ್ಟು ಜಾಗವಿಲ್ಲದಿದ್ದರೆ ಇಂಗಿಸಬೇಡಿ, ಸಂಪಿನಲ್ಲಿ ಹಿಡಿದು ಬಳಸಿ.

ಪ್ರಶ್ನೆ: ಈಶಾನ್ಯ ಮೂಲೆಯಲ್ಲಿ ನೀರು ಒಸರಿದರೆ ಶುಭವಂತೆ, ಮುಚ್ಚಬಾರದಂತೆ?

ಸರಳಿಗೆ ತುಕ್ಕು ಹಿಡಿಯುವುದು ಎಂಟು ದಿಕ್ಕಿನಲ್ಲೂ ಒಂದೇ ಥರ.

ಪ್ರಶ್ನೆ: ಟೆರೇಸ್ ಕಾದು ರಾತ್ರಿ ಮಲಗಲಾಗುವುದಿಲ್ಲ. ಸಂಜೆ ನೀರು ಸುರಿಯುವುದು ಒಳ್ಳೆಯದೇ?

ಬೇಡ. ಮಧ್ಯಾಹ್ನ ಹೀರಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿ ಒಳಗೆ ಬಿಡುತ್ತದೆ, ಬಿಸಿಲು ಒಳಹೋಗದಂತೆ ಬೆಳಿಗ್ಗೆಯೇ ತಡೆಯಬೇಕು. ಕಾದ ಕಾಂಕ್ರೀಟಿಗೆ ದಿನಾ ತಣ್ಣೀರು ಎರಚಿದರೆ ಕೂದಲೆಳೆ ಬಿರುಕುಗಳು ಹಿಗ್ಗಿ ಜೂನ್‌ನಲ್ಲಿ ಸೋರುತ್ತವೆ. ಫೆಬ್ರವರಿ ಕೊನೆಗೆ ಟೆರೇಸ್ ಗುಡಿಸಿ ತೊಳೆದು, ಹತ್ತು ಕೆ.ಜಿ. ಸುಣ್ಣಕ್ಕೆ ಎರಡು ಕೆ.ಜಿ. ಬಿಳಿ ಸಿಮೆಂಟ್, ಒಂದಿಷ್ಟು ಅಂಟು ಸೇರಿಸಿ ಅಡ್ಡ ಒಂದು, ಉದ್ದ ಒಂದು, ಎರಡು ಕೋಟ್ ಹೊಡೆಸಿ. ಮಳೆಗೆ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಬಿಳಿ ಕೂಲ್ ರೂಫ್ ಪೇಂಟ್ ಹೆಚ್ಚು ವರ್ಷ ಬರುತ್ತದೆ, ಆದರೆ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ತೊಳೆಯದಿದ್ದರೆ ಅದೂ ಕೆಲಸ ಮಾಡದು.

ಪ್ರಶ್ನೆ: ಮಂಗಳೂರಿನ ಮನೆಗೆ ಏರ್ ಕೂಲರ್ ಕೊಳ್ಳಬಹುದೇ?

ಕೊಳ್ಳಬೇಡಿ. ರಾಯಚೂರು, ಕಲಬುರಗಿಯ ಒಣ ಹವೆಯಲ್ಲಿ, ಅದೂ ಕಿಟಕಿ ತೆರೆದಿಟ್ಟರೆ ಕೂಲರ್ ತಂಪು ಕೊಡುತ್ತದೆ. ಕರಾವಳಿಯಲ್ಲಿ ಬೆವರು ಹೆಚ್ಚಿಸುವ ಯಂತ್ರ ಅದು.

ಪ್ರಶ್ನೆ: ಕಾರು ಬೇಸ್‌ಮೆಂಟಿನಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿತ್ತು, ಈಗ ಒಣಗಿದೆ. ಒಮ್ಮೆ ಸ್ಟಾರ್ಟ್ ಮಾಡಿ ನೋಡಲೇ?

ನೋಡಬೇಡಿ. ಸಿಲಿಂಡರಿನಲ್ಲಿ ನೀರು ಉಳಿದಿದ್ದರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ತಿರುಗಿಸಿದ್ದರಿಂದ ಆದ ಹಾನಿಯೆಂದು ವಿಮೆಯವರು ತಕರಾರು ತೆಗೆಯುವುದೂ ಆಮೇಲೆಯೇ. ಇದ್ದ ಜಾಗದಲ್ಲೇ, ನೀರಿನ ಗುರುತು ಕಾಣುವಂತೆ ಫೋಟೋ ತೆಗೆದು, ಮೆಕ್ಯಾನಿಕ್‌ನಿಂದ ಬ್ಯಾಟರಿ ತಂತಿ ಬಿಚ್ಚಿಸಿ, ಟೋ ಮಾಡಿಸಿ. ಎಲೆಕ್ಟ್ರಿಕ್ ಕಾರಾದರೆ ಬಾನೆಟ್ಟನ್ನೂ ಮುಟ್ಟಬೇಡಿ, ಕಂಪನಿಯವರೇ ಬರಲಿ.