ಬರಹಗಾರರಿಗೆ ಸಲಹೆ: ಎಲ್ಲ ಗೊಣಗಾಟವೂ ಒಂದೇ ಅಲ್ಲ

ನಮಸ್ಕಾರ.

ನೀವು ಕಳಿಸಿದ ‘ಕೃತಘ್ನರ ನಲವತ್ತು ವರ್ಷ’ ಲೇಖನವನ್ನು ಎರಡು ಸಲ ಓದಿದೆವು. ಈಜಿಪ್ಟಿನಿಂದ ಹೊರಟ ಇಸ್ರಾಯೇಲರು ದಾರಿಯುದ್ದಕ್ಕೂ ನೀರಿಗೆ, ಊಟಕ್ಕೆ, ನಾಯಕರ ಮೇಲೆ ಗೊಣಗಿದ್ದನ್ನು ಯೆಹೂದಿ ಪಂಡಿತರು ಹೇಗೆ ಓದಿಕೊಂಡು ಬಂದಿದ್ದಾರೆ ಎಂದು ಹೇಳಹೊರಟ ಬರಹ ಅದು. ಕನ್ನಡದಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ಹಾಗಾಗಿ ನಿಮ್ಮ ಬರಹ ನಮಗೆ ಬೇಕು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕಾರಣಗಳನ್ನು ಬಿಡಿಸಿ ಹೇಳುತ್ತೇವೆ.

ಮುಖ್ಯವಾದ ದೋಷ ಒಂದೇ. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಜಾಗಗಳಲ್ಲಿ ನಡೆದ ಪ್ರಸಂಗಗಳನ್ನೆಲ್ಲ ನೀವು ಒಂದೇ ಹಗ್ಗದಲ್ಲಿ ಬಿಗಿದಿದ್ದೀರಿ. ಪ್ರತಿ ಪ್ಯಾರಾದ ಕೊನೆಗೂ ‘ಜನ ಮತ್ತೆ ಗುಣುಗುಟ್ಟಿದರು’ ಎಂದು ಬರುತ್ತದೆ. ಮೂಲ ಹೀಬ್ರೂ ಹಾಗೆ ಹೇಳುವುದಿಲ್ಲ. ಮಾರಾದ ಕಹಿನೀರಿನ ಮುಂದೆ, ಆಕಾಶದಿಂದ ಮನ್ನ ಎಂಬ ಆಹಾರ ಸುರಿಯುವ ಮುಂಚೆ, ದೇವರು ಕೊಡುವೆನೆಂದ ನಾಡನ್ನು ನೋಡಿಬರಲು ಹೋದ ಗೂಢಚಾರರು ಮರಳಿದ ರಾತ್ರಿ, ನಾಯಕ ಮೋಶೆಯ ವಿರುದ್ಧ ಎದ್ದ ಕೋರಹನ ದಂಗೆಯ ಮರುದಿನ ಬರುವುದು ‘ಲೂನ್’ ಎಂಬ ಧಾತು. ಅದು ಒಬ್ಬರ ಮೇಲೆ ಗೊಣಗುವುದು. ಯಾರ ಮೇಲೆ ಎಂಬುದು ಜೊತೆಗೇ ಬರುತ್ತದೆ. ರೆಫೀದೀಮಿನಲ್ಲಿ, ಆಮೇಲೆ ಕಾದೇಶಿನಲ್ಲಿ ನೀರಿಗಾಗಿ ನಡೆದದ್ದು ‘ರೀವ್’. ಅದು ತಕರಾರು, ವ್ಯಾಜ್ಯ. ಮೆರೀಬಾ ಎಂಬ ಹೆಸರು ಹುಟ್ಟಿದ್ದೇ ಅದರಿಂದ. ತಬೇರಾದಲ್ಲಿ ಜನ ‘ಮಿತ್‌ಓನೆನೀಮ್’, ಅಂದರೆ ಹಲುಬುವವರಂತೆ ಇದ್ದರು. ಯಾತಕ್ಕೆ ಹಲುಬಿದರು ಎಂದು ಪಠ್ಯ ಹೇಳುವುದೇ ಇಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡ 1:27ರಲ್ಲಿ ಮೋಶೆ ಹಳೆಯದನ್ನು ನೆನಪಿಸುವಾಗ ಬಳಸುವುದು ‘ರಾಗನ್’. ಗುಡಾರದೊಳಗೆ ಕುಳಿತು ಗುಸುಗುಸು ಮಾಡುವುದು. ಗೊಣಗು, ತಕರಾರು ತೆಗೆ, ಹಲುಬು, ಗುಸುಗುಟ್ಟು: ನಾಲ್ಕಕ್ಕೂ ಕನ್ನಡದಲ್ಲಿ ಮಾತಿದೆ. ಇದ್ದೂ ನೀವು ಒಂದನ್ನೇ ಬಳಸಿದ್ದೀರಿ. ಈಜಿಪ್ಟಿನಲ್ಲಿ ಜೀತ ಮಾಡುತ್ತಿದ್ದಾಗಿನ ಮೊರೆಯನ್ನೂ (ವಿಮೋಚನಕಾಂಡ 2:23) ಇದೇ ಸಾಲಿಗೆ ಸೇರಿಸಿದ್ದು ಇನ್ನೂ ದೊಡ್ಡ ತಪ್ಪು. ಆ ಮೊರೆಯನ್ನು ದೇವರು ಕೇಳಿಸಿಕೊಂಡ. ಬಿಡುಗಡೆ ಶುರುವಾದದ್ದೇ ಅಲ್ಲಿಂದ.

ಇನ್ನು ಕಾಲ. ದೇವರೊಡನೆ ಒಡಂಬಡಿಕೆ ಆದ ಸೀನಾಯಿ ಬೆಟ್ಟಕ್ಕೆ ಬರುವ ಮುಂಚಿನ ದೂರುಗಳಿಗೆ ಶಿಕ್ಷೆ ಇಲ್ಲ. ಮಾರಾದಲ್ಲಿ ನೀರು ಸಿಹಿಯಾಯಿತು, ಮುಂದೆ ಮನ್ನ ಬಿತ್ತು, ರೆಫೀದೀಮಿನಲ್ಲಿ ಬಂಡೆಯಿಂದ ನೀರು ಬಂತು. ಬೆಟ್ಟದಿಂದ ಹೊರಟ ಮೇಲೆ ಅಂಥದೇ ದೂರಿಗೆ ಬೆಂಕಿ, ವ್ಯಾಧಿ, ಹಾವು. ಒಡಂಬಡಿಕೆಗೆ ಒಪ್ಪಿಕೊಂಡ ಜನರಿಗೂ ಇನ್ನೂ ಒಪ್ಪದ ಜನರಿಗೂ ಅಳತೆಗೋಲು ಒಂದೇ ಅಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಇದನ್ನು ನೀವು ಗಮನಿಸಿಯೇ ಇಲ್ಲ. ಹಾಗೆಂದು ಇದನ್ನೇ ಕಟ್ಟುನಿಟ್ಟಿನ ನಿಯಮವಾಗಿಯೂ ಬರೆಯಬೇಡಿ. ಅರಣ್ಯಕಾಂಡ 20ರಲ್ಲಿ ಮೋಶೆಯ ಅಕ್ಕ ಮಿರ್ಯಾಮ್ ತೀರಿಕೊಂಡ ಬೆನ್ನಿಗೇ ನೀರಿಲ್ಲವೆಂದು ಜನ ಜಗಳ ತೆಗೆಯುತ್ತಾರೆ. ಅದು ಸೀನಾಯಿಯ ನಂತರದ್ದೇ, ಆದರೂ ಜನರಿಗೆ ಶಿಕ್ಷೆ ಇಲ್ಲ. ಬಾಯಾರಿಕೆ ನಿಜವಾಗಿತ್ತು. ಶಿಕ್ಷೆ ಆದದ್ದು ಮೋಶೆಗೆ, ಅವನ ಅಣ್ಣ ಆರೋನನಿಗೆ.

ಇಲ್ಲೇ ನಿಮ್ಮ ಎರಡನೆಯ ಪುಟದ ಕಲಸುಮೇಲೋಗರವನ್ನೂ ಹೇಳಬೇಕು. ಬಂಡೆಯಿಂದ ನೀರು ಬಂದ ಕಥೆ ಎರಡು ಇದೆ, ಒಂದಲ್ಲ. ವಿಮೋಚನಕಾಂಡ 17ರದ್ದು ಮೊದಲ ವರ್ಷದ್ದು, ರೆಫೀದೀಮಿನದು. ಅಲ್ಲಿ ಕೋಲಿನಿಂದ ಬಂಡೆಯನ್ನು ಹೊಡೆ ಎಂದೇ ಅಪ್ಪಣೆ. ಅರಣ್ಯಕಾಂಡ 20ರದ್ದನ್ನು ವ್ಯಾಖ್ಯಾನಕಾರರು ನಲವತ್ತನೆಯ ವರ್ಷಕ್ಕೆ ಹಾಕುತ್ತಾರೆ, ಜಾಗ ಕಾದೇಶ್. ಅಲ್ಲಿ ಕೋಲು ಹಿಡಿದುಕೋ, ಆದರೆ ಬಂಡೆಯ ಜೊತೆ ಮಾತಾಡು ಎಂದು ಅಪ್ಪಣೆ. ಮೋಶೆ ಎರಡು ಸಲ ಹೊಡೆದ. ಅವನ ತಪ್ಪು ನಿಖರವಾಗಿ ಏನು ಎಂಬುದು ಶತಮಾನಗಳ ಚರ್ಚೆ. ಮಾತಾಡದೆ ಹೊಡೆದದ್ದು ಎಂದು ಮಧ್ಯಯುಗದ ವ್ಯಾಖ್ಯಾನಕಾರ ರಾಶಿ. ‘ಕೇಳಿ, ದಂಗೆಕೋರರೇ’ ಎಂದು ಸಿಟ್ಟು ಮಾಡಿದ್ದು ಎಂದು ರಂಬಮ್ (ಪಂಡಿತ ಮೈಮೊನಿಡೀಸ್). ಅವರ ನಂತರದ ಪಂಡಿತ ರಂಬಾನ್ (ನಹ್ಮನಿಡೀಸ್) ಇಬ್ಬರನ್ನೂ ಒಪ್ಪುವುದಿಲ್ಲ. ‘ನಾವು ನೀರು ತರಿಸಬೇಕೇ’ ಎಂಬಲ್ಲಿನ ‘ನಾವು’ ಎಂಬ ಮಾತೇ ತಪ್ಪು, ನೀರು ಕೊಡುವವನು ದೇವರೆಂದು ಹೇಳಬೇಕಿತ್ತು ಎಂಬ ಹಳೆಯ ಅಭಿಪ್ರಾಯದ ಕಡೆ ವಾಲುತ್ತಾರೆ. ಎರಡು ಕಥೆಗಳನ್ನು ಬೆರೆಸಿದರೆ ಈ ಚರ್ಚೆ ಹುಟ್ಟುವುದೇ ಇಲ್ಲ, ಏಕೆಂದರೆ ಮೊದಲ ಕಥೆಯಲ್ಲಿ ಹೊಡೆಯುವುದೇ ಸರಿ. ಜನರಿಗೆ ಮಾಂಸವಾಗಿ ಬಂದ ಲಾವಕ್ಕಿಯ ಕಥೆಯೂ ಎರಡು, ಅದನ್ನೂ ಬೇರ್ಪಡಿಸಿ.

‘ನಲವತ್ತು ವರ್ಷ ಹಗಲಿರುಳು ಅಲೆದರು’ ಎಂಬ ವಾಕ್ಯವನ್ನು ತೆಗೆಯಿರಿ. ಅರಣ್ಯಕಾಂಡ 33ರಲ್ಲಿ ಪಯಣಗಳ ಪಟ್ಟಿಯೇ ಇದೆ, ಒಟ್ಟು 42. ರಾಶಿ ಅದನ್ನು ಲೆಕ್ಕ ಹಾಕುತ್ತಾರೆ: ಗೂಢಚಾರರ ಪ್ರಸಂಗದಲ್ಲಿ ಬಂದ ತೀರ್ಪಿಗೆ (ಈ ತಲೆಮಾರು ಬೆಂಗಾಡಿನಲ್ಲೇ ಸಾಯಬೇಕು ಎಂಬುದು) ಮುಂಚೆ 14, ಆರೋನ ಸತ್ತ ಮೇಲೆ ಕೊನೆಯ ವರ್ಷದಲ್ಲಿ 8. ಉಳಿದ 20 ಪಯಣ 38 ವರ್ಷಕ್ಕೆ ಹಂಚಿಹೋಗುತ್ತದೆ. ಕಾದೇಶ್ ಒಂದರಲ್ಲೇ 19 ವರ್ಷ ಕೂತಿದ್ದರೆಂದೂ ಅವರು ಹೇಳುತ್ತಾರೆ. ಹೋರೇಬಿನಿಂದ, ಅಂದರೆ ಸೀನಾಯಿಯಿಂದ, ಕಾದೇಶ್ ಬರ್ನೇಯಕ್ಕೆ 11 ದಿನದ ದಾರಿ ಎಂದು ಧರ್ಮೋಪದೇಶಕಾಂಡ 1:2. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಓದುಗರಿಗೆ ಕಾಣುವುದು ಅಲೆದಾಟಕ್ಕಿಂತ ಹೆಚ್ಚಾಗಿ ಕಾಯುವಿಕೆ. ಒಂದು ತಲೆಮಾರು ಗುಡಾರಗಳಲ್ಲೇ ಮುದಿಯಾಗಿ ಮುಗಿಯಿತು.

‘ಹತ್ತು ಸಲ ಗೊಣಗಿದರು’ ಎಂದಿದ್ದೀರಿ. ಅರಣ್ಯಕಾಂಡ 14:22ರಲ್ಲಿರುವುದು ಹತ್ತು ಸಲ ‘ಪರೀಕ್ಷಿಸಿದರು’ ಎಂದು. ಯೆಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಅರಾಖೀನ್ ಭಾಗ ಅದನ್ನು ಎಣಿಸುತ್ತದೆ: ಸಮುದ್ರದಲ್ಲಿ ಎರಡು, ನೀರಿಗೆ ಎರಡು, ಮನ್ನದಲ್ಲಿ ಎರಡು, ಲಾವಕ್ಕಿಗೆ ಎರಡು, ಚಿನ್ನದ ಕರು ಒಂದು, ಗೂಢಚಾರರದು ಒಂದು. ಮನ್ನದ ಎರಡೂ ದೂರೇ ಅಲ್ಲ. ಬೆಳಗಿನವರೆಗೆ ಇಡಬೇಡಿ ಎಂದರೆ ಇಟ್ಟರು, ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಹೋಗಬೇಡಿ ಎಂದರೆ ಹೋದರು. ಲೆಕ್ಕ ಗೂಢಚಾರರ ಹೊತ್ತಿಗೆ ಮುಗಿದಿದೆ. ಹಾಗಾಗಿ ಕೋರಹ, ಎರಡನೆಯ ಬಂಡೆ, ಹಾವುಗಳು ಇದರಲ್ಲಿ ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಮೂರೂ ಬಂದಿವೆ.

ಅಳತೆಗಳಲ್ಲೂ ಜಾರಿದ್ದೀರಿ. ತಲೆಗೆ ‘ಒಂದು ಹಿಡಿ ಮನ್ನ’ ಅಲ್ಲ, ಒಂದು ಓಮೆರ್. ಅದು ಏಫಾ ಎಂಬ ಅಳತೆಯ ಹತ್ತನೆಯ ಒಂದು ಪಾಲು. ರಾಶಿಯ ಲೆಕ್ಕದಲ್ಲಿ 43 ಮೊಟ್ಟೆ ಮತ್ತು ಒಂದು ಮೊಟ್ಟೆಯ ಐದನೆಯ ಒಂದು ಪಾಲಿನಷ್ಟು ಗಾತ್ರ. ಲಾವಕ್ಕಿಯನ್ನು ಕಡಿಮೆ ಕೂಡಿಸಿದವನೂ 10 ‘ಓಮೆರ್’ ಕೂಡಿಸಿದ ಎಂದು ಬರೆದಿದ್ದೀರಿ. ಮೂಲದಲ್ಲಿರುವುದು 10 ಹೋಮೆರ್. ಒಂದು ಹೋಮೆರ್ ಎಂದರೆ 100 ಓಮೆರ್. ಒಂದಕ್ಷರದ ವ್ಯತ್ಯಾಸಕ್ಕೆ ನೂರು ಪಟ್ಟು ತಪ್ಪು. ಆ ಹೊಟ್ಟೆಬಾಕತನದ ಅಳತೆ ಗೊತ್ತಾಗದಿದ್ದರೆ ಆ ಜಾಗಕ್ಕೆ ‘ಆಸೆಯ ಗೋರಿಗಳು’ ಎಂದು ಹೆಸರು ಬಿದ್ದದ್ದೂ ಅರ್ಥವಾಗದು. ಮನ್ನ ‘ಕೊತ್ತಂಬರಿಯಂತೆ’ ಇತ್ತು ಎಂದರೆ ಕನ್ನಡದ ಓದುಗರ ಕಣ್ಣಿಗೆ ಸೊಪ್ಪು ಬರುತ್ತದೆ. ಕೊತ್ತಂಬರಿ ಬೀಜ ಎಂದೇ ಬರೆಯಿರಿ. ಹೋಲಿಕೆ ದುಂಡಗಿನ ಆಕಾರಕ್ಕೆ ಮಾತ್ರ, ಬಣ್ಣ ಬಿಳಿ ಎಂದು ರಾಶಿ ಎಚ್ಚರಿಸುತ್ತಾರೆ.

ಈಗ ನಿಮ್ಮಿಂದ ನಮಗೆ ಏನು ಬೇಕು ಎಂಬುದಕ್ಕೆ ಬರುತ್ತೇವೆ. ಎಲ್ಲ ಪ್ರಸಂಗಗಳನ್ನೂ ಬಿಡಿ. ಅರಣ್ಯಕಾಂಡ 11 ಒಂದನ್ನೇ ಹಿಡಿಯಿರಿ. ಅಷ್ಟರಲ್ಲೇ ಒಂದು ಲೇಖನಕ್ಕೆ ಮೀರಿದ ಸರಕಿದೆ.

ಶುರುವನ್ನು ಅದಕ್ಕೂ ಎರಡು ವಾಕ್ಯ ಹಿಂದಿನಿಂದ ಮಾಡಿ. 10:35–36ರ ಆಚೆ ಈಚೆ ತೋರಾ (ಬೈಬಲ್ಲಿನ ಮೊದಲ ಐದು ಪುಸ್ತಕ) ಸುರುಳಿಯಲ್ಲಿ ಹೀಬ್ರೂವಿನ ‘ನೂನ್’ ಅಕ್ಷರ ತಿರುವುಮುರುವಾಗಿ ಬರೆದಿರುತ್ತದೆ, ಆವರಣ ಚಿಹ್ನೆಯ ಹಾಗೆ. ಒಂದು ಕೇಡಿಗೂ ಇನ್ನೊಂದು ಕೇಡಿಗೂ ನಡುವೆ ಜಾಗ ಬಿಡಲೆಂದು ಆ ಎರಡು ವಾಕ್ಯಗಳನ್ನು ಅಲ್ಲಿ ಇಟ್ಟಿದೆ ಎನ್ನುತ್ತದೆ ತಾಲ್ಮುದ್. ಎರಡನೆಯ ಕೇಡು ಹಲುಬಾಟ. ಮೊದಲನೆಯದು ಯಾವುದು? ‘ದೇವರ ಬೆಟ್ಟದಿಂದ ಹೊರಟರು’ ಎಂಬ ಸಾದಾ ವಾಕ್ಯ! ಮಕ್ಕಳು ಶಾಲೆ ಬಿಟ್ಟೊಡನೆ ಓಡುವ ಹಾಗೆ ಓಡಿದರು ಎಂಬ ಮಿದ್ರಾಶನ್ನು (ಪಂಡಿತರ ಹಳೆಯ ವ್ಯಾಖ್ಯಾನವನ್ನು) ರಂಬಾನ್ ಇಲ್ಲಿ ತರುತ್ತಾರೆ. ದೂರು ಬಾಯಿಗೆ ಬರುವ ಮುಂಚೆಯೇ ಕಾಲಲ್ಲಿತ್ತು ಎಂಬ ಈ ಓದು ನಿಮ್ಮ ಇಡೀ ಲೇಖನದಲ್ಲಿ ಎಲ್ಲೂ ಇಲ್ಲದ ಸೂಕ್ಷ್ಮ.

ಮುಂದೆ ವಾಕ್ಯ 4. ಜನ ‘ಮಾಂಸ ಯಾರು ಕೊಡುತ್ತಾರೆ’ ಎಂದು ಅಳುತ್ತಾರೆ. ಆದರೆ ಅವರು ನೆನೆಯುವ ಪಟ್ಟಿ ನೋಡಿ: ಮೀನು, ಸೌತೆಕಾಯಿ, ಕಲ್ಲಂಗಡಿ, ಈರುಳ್ಳಿ ಜಾತಿಯ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ. ಮೀನು ಬಿಟ್ಟರೆ ಮಾಂಸದ ಹೆಸರೇ ಇಲ್ಲ. ಮೀನನ್ನು ‘ಪುಕ್ಕಟೆ’ ತಿಂದೆವು ಎಂಬ ಮಾತು ಇನ್ನೂ ವಿಚಿತ್ರ. ಸಿಫ್ರೇ ಎಂಬ ಪ್ರಾಚೀನ ಮಿದ್ರಾಶ್ ಕೇಳುತ್ತದೆ: ಇಟ್ಟಿಗೆಗೆ ಹುಲ್ಲನ್ನೇ ಕೊಡದವರು ಮೀನು ಪುಕ್ಕಟೆ ಕೊಟ್ಟಾರೆಯೇ? ಅದರ ಉತ್ತರ, ಪುಕ್ಕಟೆ ಎಂದರೆ ದೇವಾಜ್ಞೆಗಳ ಹೊರೆಯಿಲ್ಲದೆ ಎಂದು. ಮಧ್ಯಯುಗದ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಅಷ್ಟು ದೂರ ಹೋಗುವುದಿಲ್ಲ. ಅಗ್ಗಕ್ಕೆ ಎಂದಷ್ಟೇ ಅರ್ಥ ಎನ್ನುತ್ತಾರೆ. ಎರಡನ್ನೂ ಕೊಡಿ, ನಿಮಗೆ ಯಾವುದು ಸರಿ ಕಂಡಿತು ಎಂದೂ ಹೇಳಿ. ನಮಗೆ ಸಿಫ್ರೇಯ ಪ್ರಶ್ನೆ ಇಬ್ನ್ ಎಜ್ರಾನ ಉತ್ತರಕ್ಕಿಂತ ಗಟ್ಟಿಯಾಗಿ ಕಾಣುತ್ತದೆ: ಜೀತದ ನೆನಪು ಹೇಗೆ ಬಣ್ಣ ಕಟ್ಟಿಕೊಳ್ಳುತ್ತದೆ ಎಂಬುದನ್ನು ಅದು ಹಿಡಿಯುತ್ತದೆ.

ಆಮೇಲೆ ವಾಕ್ಯ 7ರಿಂದ 9. ಜನರ ಮಾತು ನಡುವೆಯೇ ನಿಂತು, ಮನ್ನ ಹೇಗಿತ್ತು, ಬೀಸುಕಲ್ಲಿನಲ್ಲಿ ಬೀಸಿ, ಒರಳಲ್ಲಿ ಕುಟ್ಟಿ, ಬೇಯಿಸಿ ಹೇಗೆ ರೊಟ್ಟಿ ಮಾಡುತ್ತಿದ್ದರು ಎಂಬ ವಿವರ ಬರುತ್ತದೆ. ಇದನ್ನು ನೀವು ‘ಅನಗತ್ಯ ವರ್ಣನೆ’ ಎಂದು ಕೈಬಿಟ್ಟಿದ್ದೀರಿ. ರಾಶಿಯ ಟಿಪ್ಪಣಿ ಓದಿ: ಇದನ್ನು ಹೇಳಿದವರು ಬೇರೆ, ಅದನ್ನು ಹೇಳಿದವರು ಬೇರೆ. ‘ಮನ್ನ ಬಿಟ್ಟರೆ ಕಣ್ಣಿಗೆ ಏನೂ ಕಾಣದು’ ಎನ್ನುವವರು ಜನ. ‘ಮನ್ನ ಹೀಗಿತ್ತು, ನನ್ನ ಮಕ್ಕಳು ಯಾತಕ್ಕೆ ದೂರುತ್ತಿದ್ದಾರೆ ನೋಡಿ’ ಎಂದು ಲೋಕಕ್ಕೆ ತೋರಿಸುವವನು ದೇವರು. ವರ್ಣನೆಯೇ ವಾದ. ವಾಕ್ಯ 11ರಿಂದ 15ರಲ್ಲಿ ಮೋಶೆಯೇ ದೂರುತ್ತಾನೆ, ಈ ಜನರನ್ನು ನಾನು ಹೆತ್ತೆನೇ, ಇದಕ್ಕಿಂತ ನನ್ನನ್ನು ಕೊಂದುಬಿಡು ಎನ್ನುತ್ತಾನೆ. ಅವನನ್ನು ಮೊದಲಿಂದ ಕೊನೆವರೆಗೆ ಶಾಂತಮೂರ್ತಿಯಾಗಿ ಚಿತ್ರಿಸಬೇಡಿ. ಅವನ ದೂರಿಗೆ ಸಿಕ್ಕದ್ದು ಶಿಕ್ಷೆಯಲ್ಲ, ಹೊರೆ ಹಂಚಿಕೊಳ್ಳಲು 70 ಹಿರಿಯರು.

ಬರೆಯುವ ಕ್ರಮದ ಬಗ್ಗೆ ಒಂದು ಮಾತು. ನೀವು ಮೊದಲು ವ್ಯಾಖ್ಯಾನ ಹೇಳಿ ಆಮೇಲೆ ವಾಕ್ಯ ತರುತ್ತೀರಿ. ತಿರುಗಿಸಿ. ಮೊದಲು ವಾಕ್ಯ, ಆಮೇಲೆ ವಾಕ್ಯದಲ್ಲಿನ ತೊಡಕು, ಕೊನೆಗೆ ವ್ಯಾಖ್ಯಾನ. 1942ರಿಂದ ಅಂಚೆಯಲ್ಲಿ ಪ್ರಶ್ನೆಪತ್ರಿಕೆ ಕಳಿಸಿ ಸಾವಿರಾರು ಜನರಿಗೆ ತೋರಾ ಕಲಿಸಿದ ನೆಹಾಮಾ ಲೈಬೋವಿಟ್ಸ್ ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ, ‘ಇಲ್ಲಿ ರಾಶಿಗೆ ಕಷ್ಟವಾದದ್ದೇನು?’ ಎಂಬುದು. ತೊಡಕು ತೋರಿಸದಿದ್ದರೆ ಮಿದ್ರಾಶ್ ಅಡ್ಡಕಥೆಯಂತೆ ಕಾಣುತ್ತದೆ.

ಪದಗಳು. ‘ಅರಣ್ಯಕಾಂಡ’ ಎಂಬ ಕನ್ನಡ ಬೈಬಲ್ಲಿನ ಹೆಸರು ಹೀಬ್ರೂವಿನ ‘ಬಮಿದ್ಬಾರ್’ಗೆ ಹತ್ತಿರವೇ. ಆದರೆ ಅರಣ್ಯ ಎಂದರೆ ನಮ್ಮವರಿಗೆ ಮರಗಳು, ಜೊತೆಗೆ ರಾಮಾಯಣ. ಮರಳುಗಾಡು ಎಂದರೆ ಬರೀ ಮರಳಿನ ದಿಬ್ಬ. ಮಿದ್ಬಾರ್ ಎರಡೂ ಅಲ್ಲ. ಮಳೆ ಕಡಿಮೆಯ, ಕುರಿ ಮೇಯಿಸುವ ನೆಲ. ‘ಬೆಂಗಾಡು’ ಸರಿಹೊಂದುತ್ತದೆ. ಪುಸ್ತಕದ ಹೆಸರನ್ನು ಹಾಗೇ ಬಿಡಿ. ‘ಯೆಹೋವ’ ಎಂದು ಬರೆಯಬೇಡಿ, ಯೆಹೂದಿಗಳು ಆ ಹೆಸರನ್ನು ಉಚ್ಚರಿಸುವುದಿಲ್ಲ, ‘ದೇವರು’ ಸಾಕು. ರಾಶಿ ಎಂಬ ಹೆಸರು ಮೊದಲ ಸಲ ಬಂದಾಗ ‘ವ್ಯಾಖ್ಯಾನಕಾರ ರಾಶಿ (1040–1105)’ ಎನ್ನಿ, ಇಲ್ಲದಿದ್ದರೆ ಕಣದ ರಾಶಿ ನೆನಪಾಗುತ್ತದೆ. ವಾಕ್ಯಸಂಖ್ಯೆಯನ್ನು ಯಾವ ಬೈಬಲ್ಲಿನಿಂದ ಕೊಟ್ಟಿದ್ದೀರೆಂದು ಹೇಳಿ. ಕೋರಹನ ಮರುದಿನದ ಗೊಣಗಾಟ ಕನ್ನಡ ಬೈಬಲ್ಲಿನಲ್ಲಿ 16:41, ಹೀಬ್ರೂವಿನಲ್ಲಿ 17:6.

ಕೊನೆಗೆ ಶೀರ್ಷಿಕೆ. ‘ಕೃತಘ್ನರು’ ಎಂಬ ಮಾತು ತಾಲ್ಮುದಿನಲ್ಲೇ ಇದೆ, ‘ಕೃತಘ್ನರ ಮಕ್ಕಳು ಕೃತಘ್ನರು’ ಎಂದು. ಆದರೆ ಅದು ಮೋಶೆಯ ಬಾಯಲ್ಲಿ, ಮನೆಯ ಹಿರಿಯ ಮನೆಯವರಿಗೆ ಹೇಳುವ ಮಾತು. ಅದೇ ಮಾತನ್ನು ಹೊರಗಿನವರು ಇಡೀ ಜನಾಂಗದ ಹಣೆಗೆ ಹಚ್ಚಿದ ದೀರ್ಘ ಇತಿಹಾಸವಿದೆ. ಚಿನ್ನದ ಕರುವನ್ನೂ ಈ ಗೊಣಗಾಟವನ್ನೂ ಯೆಹೂದಿಗಳ ವಿರುದ್ಧ ಸಾಕ್ಷಿಯಾಗಿ ಎತ್ತಿದ ಕ್ರೈಸ್ತ ವಾದಗ್ರಂಥಗಳು ಎಷ್ಟೋ. ನಮ್ಮ ಪುಟದಲ್ಲಿ ಆ ಶೀರ್ಷಿಕೆ ಬರುವುದಿಲ್ಲ. ಯೆರೆಮೀಯ 2:2ನ್ನೂ ಓದಿ. ಬಿತ್ತನೆಯಿಲ್ಲದ ನೆಲದಲ್ಲಿ ನನ್ನ ಹಿಂದೆ ಬಂದ ನಿನ್ನ ಯೌವನದ ಪ್ರೀತಿ ನನಗೆ ನೆನಪಿದೆ ಎನ್ನುತ್ತಾನೆ ದೇವರು. ಅದೂ ಇದೇ ಬೆಂಗಾಡು, ಇದೇ ಜನ. ಇದಕ್ಕೆ ನಿಮ್ಮ ಲೇಖನದಲ್ಲಿ ಒಂದು ಪ್ಯಾರಾ ಬೇಕೇ ಬೇಕು. ಅದಕ್ಕೆ ಜಾಗ ಮಾಡಲು, ಇಂದಿನ ಯುವಜನರ ಅತೃಪ್ತಿಯ ಬಗ್ಗೆ ಬರೆದ ಕೊನೆಯ ಒಂದೂವರೆ ಪುಟವನ್ನು ಪೂರ್ತಿ ತೆಗೆಯಿರಿ.

ಹೊಸ ಕರಡು 1,500 ಪದ ಮೀರದಿರಲಿ. ಪೂರ್ತಿ ಬರೆಯುವ ಮುಂಚೆ ವಾಕ್ಯ 4ರಿಂದ 9ರವರೆಗಿನ ಭಾಗವನ್ನಷ್ಟೇ ಬರೆದು ಕಳಿಸಿ. ಅದನ್ನು ನೋಡಿ ಮುಂದಿನದನ್ನು ಮಾತಾಡೋಣ.

ಇತಿ,
ಸಂಪಾದಕರು