6 ವರ್ಷದ ಮಗಳಿಗೆ ಹೇಳದೆ ಕೀಮೋ ಮುಗಿಸಬಹುದಾ? ನನಗೆ ಸ್ತನ ಕ್ಯಾನ್ಸರ್. ಏನಂತ ಹೇಳಿದರೆ ಮಗು ಹೆದರುವುದಿಲ್ಲ?

ಜ್ವರ ಅಂತ ಮಾತ್ರ ಹೇಳಬೇಡಿ. ನಾನು ಹಾಗೇ ಹೇಳಿದ್ದೆ.

ನನಗೂ ಸ್ತನ ಕ್ಯಾನ್ಸರ್ ಆಗಿತ್ತು, ಆಗ ನನ್ನ ಮಗನಿಗೆ 7 ವರ್ಷ. ನಮ್ಮದು ಹಾಸನ, ಚಿಕಿತ್ಸೆ ಬೆಂಗಳೂರಿನಲ್ಲಿ. 21 ದಿನಕ್ಕೊಮ್ಮೆ ಅವನು ಏಳುವ ಮೊದಲೇ ಬಸ್ಸು ಹತ್ತುತ್ತಿದ್ದೆವು. "ಅಮ್ಮನಿಗೆ ಜ್ವರ, ದೊಡ್ಡ ಆಸ್ಪತ್ರೆಗೆ ತೋರಿಸಬೇಕು" ಅಂದಿದ್ದೆ. ಜ್ವರ ಅವನಿಗೆ ಗೊತ್ತಿರುವ ಪದ, ಬರುತ್ತೆ ಹೋಗುತ್ತೆ, ಹೆದರಲ್ಲ ಅನ್ನೋದು ನಮ್ಮ ಲೆಕ್ಕ. ಕ್ಯಾನ್ಸರ್ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. "ಆ ಕಾಯಿಲೆ" ಅನ್ನುತ್ತಿದ್ದರು. ಅದೂ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು.

ಮೊದಲ ಕೀಮೋ ಆಗಿ ಎರಡೂವರೆ ವಾರಕ್ಕೆ ಕೂದಲು ಕೈತುಂಬ ಬರತೊಡಗಿತು. ಪೂರ್ತಿ ಬೋಳಿಸಿಕೊಂಡು ಬಂದು "ಧರ್ಮಸ್ಥಳಕ್ಕೆ ಮುಡಿ ಕೊಟ್ಟೆ" ಅಂದೆ. ಅವನು ತುಂಬಾ ಹೊತ್ತು ನನ್ನ ತಲೆಯನ್ನೇ ನೋಡಿದ. ಆಮೇಲೆ "ನನ್ನನ್ನ ಬಿಟ್ಟು ಹೋದ್ಯಾ?" ಅಂದ.

ಮುಡಿಯ ಸುಳ್ಳು ಅಷ್ಟಕ್ಕೇ ಮುಗಿಯಿತು. ಜ್ವರದ ಸುಳ್ಳು ಮುಗಿಯಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ. ಕೀಮೋ ಔಷಧಿ ಕ್ಯಾನ್ಸರ್ ಕಣಗಳ ಜೊತೆ ರಕ್ತದ ಬಿಳಿ ಕಣಗಳನ್ನೂ ಇಳಿಸುತ್ತದೆ. ನನಗೆ ಕೊಡುತ್ತಿದ್ದ ಔಷಧಿಯಲ್ಲಿ ಒಂದು ವಾರ ಕಳೆದ ಮೇಲೆ, ಎರಡನೇ ವಾರದಲ್ಲಿ, ಅವು ತೀರಾ ಕೆಳಗೆ ಹೋಗುತ್ತವೆ. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೆ ಸಣ್ಣ ನೆಗಡಿ ಬಂದರೂ ನಾವು ದೂರ ಇರಬೇಕು. ನಮ್ಮ ಮೈ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಇದು ನನಗೆ ಗೊತ್ತಿತ್ತು. ಗಂಡನಿಗೆ, ಅತ್ತೆಗೆ ಗೊತ್ತಿತ್ತು. ದಿನಾ ಶಾಲೆಗೆ ಹೋಗಿ ಬಂದು ನನ್ನ ಮಡಿಲಿಗೆ ಬೀಳುತ್ತಿದ್ದವನಿಗೆ ಮಾತ್ರ ಗೊತ್ತಿರಲಿಲ್ಲ.

ಎರಡನೇ ಕೀಮೋ ಆದ ಒಂಬತ್ತನೇ ದಿನ ಅವನಿಗೆ ಜ್ವರ ಬಂತು. ಹೇಳಲಿಲ್ಲ. ಮೈ ಬಿಸಿ ಗೊತ್ತಾಗಬಾರದು ಅಂತ ಸ್ವೆಟರ್ ಹಾಕಿಕೊಂಡು ಓಡಾಡಿದ. ಯಾಕೆ ಗೊತ್ತಾ? ದಸರಾ ರಜೆಯಲ್ಲಿ ಅವನಿಗೆ ಜ್ವರ ಬಂದಿತ್ತು, ನಾನು ತಬ್ಬಿಕೊಂಡು ಮಲಗಿದ್ದೆ. ಅದಾದ ಸ್ವಲ್ಪ ದಿನಕ್ಕೆ "ಅಮ್ಮನಿಗೆ ಜ್ವರ". ತನ್ನ ಜ್ವರವೇ ಅಮ್ಮನಿಗೆ ಹತ್ತಿತು, ಅದಕ್ಕೇ ಅಮ್ಮ ಹೀಗಾದಳು ಅಂತ ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ. ಈಗ ಮತ್ತೆ ಬಂದಿದೆ ಅಂದರೆ ಎಲ್ಲರೂ ಬೈಯುತ್ತಾರೆ ಅಂತ ಹೆದರಿ ಮುಚ್ಚಿಟ್ಟ. ರಾತ್ರಿ ಎಂದಿನಂತೆ ನನ್ನ ಪಕ್ಕ ಮಲಗಿದ.

ಎರಡು ದಿನಕ್ಕೆ ನನಗೆ ಜ್ವರ ಏರಿತು. ಆರು ದಿನ ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಡ್ರಿಪ್. ಮೂರನೇ ಕೀಮೋ ಒಂದು ವಾರ ಮುಂದಕ್ಕೆ ಹೋಯಿತು. ಅವನಿಂದಲೇ ಬಂತು ಅಂತ ಡಾಕ್ಟರು ಹೇಳಲಿಲ್ಲ. ಬಿಳಿ ಕಣ ಇಳಿದಾಗ ನಮ್ಮ ಮೈಯೊಳಗಿನ ಬ್ಯಾಕ್ಟೀರಿಯಾದಿಂದಲೂ ಹೀಗಾಗುತ್ತದಂತೆ. ಆದರೆ ಅಷ್ಟರಲ್ಲಿ ಅವನು ತೀರ್ಮಾನ ಮಾಡಿಬಿಟ್ಟಿದ್ದ.

ಮನೆಗೆ ಬಂದ ರಾತ್ರಿ ಹೇಳಿದೆ. "ಅಮ್ಮನ ಎದೆಯಲ್ಲಿ ಒಂದು ಗಂಟು ಇದೆ. ಅದರ ಹೆಸರು ಕ್ಯಾನ್ಸರ್. ಜ್ವರ ಅಂದಿದ್ದು ನನ್ನ ತಪ್ಪು. ಇದು ನಿನ್ನಿಂದ ಬಂದಿದ್ದಲ್ಲ, ಮುಟ್ಟಿದರೆ ಅಂಟಲ್ಲ. ಔಷಧಿ ಜೋರು, ಅದಕ್ಕೇ ಕೂದಲು ಹೋಗಿದೆ, ಮತ್ತೆ ಬರುತ್ತೆ." ಅವನು ಕೇಳಿದ್ದು ಒಂದೇ: "ಸಾಯ್ತೀಯಾ?" ಇಲ್ಲ ಅಂತ ಆಣೆ ಮಾಡಲಿಲ್ಲ. "ವಾಸಿ ಮಾಡೋಕೆ ಅಂತಾನೇ ಔಷಧಿ ಕೊಡ್ತಿದ್ದಾರೆ. ಏನಾದ್ರೂ ಬದಲಾದ್ರೆ ನಿನಗೆ ನಾನೇ ಹೇಳ್ತೀನಿ" ಅಂದೆ. ಮರುದಿನದಿಂದ ಥರ್ಮಾಮೀಟರ್ ಅವನ ಸುಪರ್ದಿಗೆ ಹೋಯಿತು. ಮೊದಲು ತನ್ನದು ನೋಡಿಕೊಳ್ಳುತ್ತಿದ್ದ, ಆಮೇಲೆ ನನ್ನದು.

ಹಾಗಾಗಿ ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೇಳದೆ ಇರುವ ದಾರಿ ಅಂತ ಒಂದು ಇಲ್ಲವೇ ಇಲ್ಲ. ನೀವು ಫೋನಿನಲ್ಲಿ ದನಿ ತಗ್ಗಿಸಿದ್ದನ್ನು ಮಗಳು ಆಗಲೇ ನೋಡಿದ್ದಾಳೆ. ಅವಳ ತಲೆಯಲ್ಲಿ ಒಂದು ಕಥೆ ಶುರುವಾಗಿರುತ್ತದೆ, ಅದು ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಚಿಕ್ಕವಳು, ಅರ್ಥವಾಗಲ್ಲ ಅನ್ನುವ ನೆಂಟರ ಮಾತು ಕೇಳಬೇಡಿ. ಕಾಯಿಲೆಗೆ ಅದರದೇ ಹೆಸರು ಹೇಳಿ. ಕ್ಲಾಸ್ ಟೀಚರಿಗೂ ಹೇಳಿಡಿ, ಅಕ್ಕಪಕ್ಕದ ಮಕ್ಕಳ ಬಾಯಿಂದ ಅವಳಿಗೆ ಗೊತ್ತಾಗಬಾರದು.

ನಿಮಗೂ ಡಾಕ್ಸೋರುಬಿಸಿನ್ ಅನ್ನುವ ಕೆಂಪು ಔಷಧಿ ಇದ್ದರೆ ಒಂದೆರಡು ದಿನ ಮೂತ್ರ ಕೆಂಪಗೆ ಬರಬಹುದು, ಮೊದಲೇ ಹೇಳಿಬಿಡಿ. ನನ್ನ ಮಗ ಬಾತ್‌ರೂಮಿನಲ್ಲಿ ನೋಡಿ ರಕ್ತ ಅಂದುಕೊಂಡಿದ್ದ. ಮುಂದೆ ರೇಡಿಯೇಷನ್ ಇದ್ದರೂ, ಹೊರಗಿನ ಯಂತ್ರದಿಂದ ಕೊಡುವುದಾದರೆ ಮನೆಗೆ ಬಂದು ಧಾರಾಳವಾಗಿ ತಬ್ಬಿಕೊಳ್ಳಬಹುದು. ಪೆಟ್ ಸ್ಕ್ಯಾನ್‌ಗೆ ವಿಕಿರಣ ಸೂಸುವ ಔಷಧಿಯನ್ನು ಮೈಗೆ ಚುಚ್ಚುತ್ತಾರೆ, ಹಾಗಾಗಿ ಆ ದಿನ ಮಾತ್ರ ಕೆಲವು ಗಂಟೆ ಮಕ್ಕಳಿಂದ ದೂರ ಇರಿ ಅನ್ನುತ್ತಾರೆ. ಅದನ್ನೂ ಹಿಂದಿನ ದಿನವೇ ಹೇಳಿ, ಇಲ್ಲದಿದ್ದರೆ ಮುಚ್ಚಿದ ಬಾಗಿಲಷ್ಟೇ ಅವಳಿಗೆ ನೆನಪಿರುತ್ತದೆ.

ರಾತ್ರಿ ಹೊತ್ತು ಹೇಳಬೇಡಿ. ನನ್ನ ಮಗ ಅವತ್ತು ಬೆಳಗಿನವರೆಗೂ ನನ್ನ ನೈಟಿಯ ತುದಿ ಹಿಡಿದುಕೊಂಡೇ ಇದ್ದ. ರಜೆಯ ದಿನ ಬೆಳಗ್ಗೆ, ತಿಂಡಿ ಆದ ಮೇಲೆ ಹೇಳಿ. ಕೇಳಿಸಿಕೊಂಡು, ಆಟಕ್ಕೆ ಓಡಿಹೋಗಿ, ನೆನಪಾದಾಗ ಮತ್ತೆ ಬಂದು ಕೇಳೋಕೆ ಅವಳಿಗೆ ಇಡೀ ದಿನ ಇರುತ್ತದೆ.